ಗೈಡ್ ಕೊಟ್ಟ ಪಟ್ಟಿಯ ಹಕ್ಕಿಗಳೆಲ್ಲ ಕಾಣುತ್ತವೆಯೇ?

ಪ್ರಶ್ನೆ: ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿ. ಏಳನೇ ತರಗತಿಯ ಮಗನಿಗೆ ಹಕ್ಕಿಗಳ ಹುಚ್ಚು. ಡಿಸೆಂಬರ್ ಮೊದಲ ವಾರದಲ್ಲಿ ಎರಡು ದಿನದ ‘ಚಳಿಗಾಲದ ಪಕ್ಷಿ ವೀಕ್ಷಣೆ’ಗೆ ಹೆಸರು ಕೊಟ್ಟಿದ್ದೇವೆ. ಒಂದು ದಿನ ನಂದಿಬೆಟ್ಟ, ಇನ್ನೊಂದು ದಿನ ಕೋಲಾರದ ಕೆರೆಗಳು. ತಲಾ 3,500 ರೂಪಾಯಿ, ಅರ್ಧ ಮುಂಗಡ ಕೊಟ್ಟಾಗಿದೆ. ಗೈಡ್ 120 ಹಕ್ಕಿಗಳ ಪಟ್ಟಿ ಕಳಿಸಿ, ‘ಎಲ್ಲಾ ಗ್ಯಾರಂಟಿ, ಸ್ಪೀಕರ್‌ನಲ್ಲಿ ಕೂಗು ಹಾಕಿದ್ರೆ ಎದುರಿಗೇ ಬಂದು ಕೂರ್ತವೆ’ ಎಂದಿದ್ದಾರೆ. ನಮ್ಮ ಯಜಮಾನರ ಸ್ನೇಹಿತರು, ‘ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು ಬಂದಮೇಲೆ ಕೋಲಾರದ ಕೆರೆಗಳಲ್ಲಿ ಹಕ್ಕಿಯೇ ಇಲ್ಲ, ದುಡ್ಡು ದಂಡ’ ಎನ್ನುತ್ತಾರೆ. ಅತ್ತೆಗೆ 64 ವರ್ಷ, ಮಂಡಿನೋವು. ಆದರೂ ಬರುವ ಆಸೆ. ಮನೆಯಲ್ಲಿ ನಾಟಿ ಕೋಳಿ ಸಾಕಿರುವುದರಿಂದ ಅವರಿಗೆ ಹಕ್ಕಿಜ್ವರದ ಭಯವೂ ಇದೆ. ಮಗ ಕೇಳುವುದು: ‘ಇವೆಲ್ಲ ಸೈಬೀರಿಯಾದಿಂದ ಚಳಿಗೆ ಹೆದರಿ ಬರ್ತವಾ?’ ಹೋಗಬೇಕೆ, ಬಿಡಬೇಕೆ? ದೊಡ್ಡ ಕ್ಯಾಮೆರಾ ಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಬುಡದಲ್ಲಿರುವ ಆತಂಕ ಒಂದೇ. ದುಡ್ಡು ಕೊಟ್ಟು, ಹುಡುಗನಿಗೆ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿ, ಅಲ್ಲಿ ಏನೂ ಕಾಣದಿದ್ದರೆ ಎಂಬುದು. ನೇರವಾಗಿ ಹೇಳಿಬಿಡುತ್ತೇನೆ. ಖಂಡಿತ ಹೋಗಿ. ಆದರೆ ಆ ಪಟ್ಟಿಯನ್ನು ನಂಬಿ ಹೋಗಬೇಡಿ. ಆಗುವುದಾದರೆ ಕೆರೆಯ ದಿನವನ್ನು ಒಂದೂವರೆ ತಿಂಗಳು ಮುಂದಕ್ಕೆ ಹಾಕಿ. ಸ್ಪೀಕರ್ ಹಾಕಿ ತೋರಿಸುತ್ತೇನೆ ಎನ್ನುವವರ ಜೊತೆಗಂತೂ ಬೇಡ.

ಬೆಟ್ಟ, ಕೆರೆ, ಹೊಲ ಮೂರನ್ನೂ ಎರಡು ದಿನ ಸುತ್ತಿದರೆ ಪಳಗಿದ ಕಣ್ಣು ಕಿವಿ ಇರುವವರು ನಮ್ಮ ಕಡೆ ನೂರರ ಹತ್ತಿರ ಜಾತಿಯ ಹಕ್ಕಿಗಳನ್ನು ಗುರುತಿಸುವುದು ಆಗದ ಮಾತಲ್ಲ. ಆದರೆ ಅದರಲ್ಲಿ ಒಂದು ಪಾಲು ಕೂಗು ಕೇಳಿ ಬರೆದುಕೊಂಡವು. ಇನ್ನೊಂದು ಪಾಲು ಎಲೆಗಳ ಮರೆಯಲ್ಲಿ ಒಂದು ಕ್ಷಣ ಕಂಡು ಹಾರಿಹೋದವು. ಮೊದಲ ಸಲ ಹೋಗುವ ಹುಡುಗನೊಬ್ಬ ಕಣ್ತುಂಬ ನೋಡಿ, ಆಮೇಲೆ ತಾನೇ ಗುರುತಿಸುವಷ್ಟು ನೆನಪಿಟ್ಟುಕೊಳ್ಳುವುದು ಮೂವತ್ತು ನಲವತ್ತು ಹಕ್ಕಿಗಳನ್ನು. ಅದೇ ಬಹಳ ದೊಡ್ಡದು. ಪಟ್ಟಿ ತುಂಬಿಸುವ ಆತುರದಲ್ಲಿರುವ ಗೈಡ್ ಒಂದು ಹಕ್ಕಿಯ ಮುಂದೆ ಐದು ನಿಮಿಷ ನಿಲ್ಲಲು ಬಿಡುವುದಿಲ್ಲ. ‘ಬನ್ನಿ ಬನ್ನಿ, ಇನ್ನೂ ಐವತ್ತು ಬಾಕಿ’ ಎಂದು ಎಳೆದುಕೊಂಡು ಹೋಗುತ್ತಾರೆ. ಗೈಡುಗಳಿಗೆ ತರಬೇತಿ ಕೊಡುವಾಗ ನಾನು ಮೊದಲು ಬಿಡಿಸುವ ಅಭ್ಯಾಸವೇ ಇದು. ಹಾರುವ ಜೀವಿಗೆ ಗ್ಯಾರಂಟಿ ಎಂಬ ಮಾತು ಹೊಂದುವುದಿಲ್ಲ. ಒಳ್ಳೆಯ ಗೈಡ್ ಗ್ಯಾರಂಟಿ ಕೊಡುವುದು ಜಾಗಕ್ಕೆ ಮತ್ತು ಹೊತ್ತಿಗೆ: ಈ ಬಗೆಯ ಜಾಗಕ್ಕೆ ಈ ಹೊತ್ತಿಗೆ ಹೋದರೆ ಇಂಥ ಹಕ್ಕಿ ಇರುವ ಸಾಧ್ಯತೆ ಹೆಚ್ಚು ಎಂದಷ್ಟೇ ಅವರು ಹೇಳುತ್ತಾರೆ.

ಇನ್ನು ಕೋಲಾರದ ಕೆರೆಗಳು. ನಿಮ್ಮ ಯಜಮಾನರ ಸ್ನೇಹಿತರ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಎನ್ನುವುದು ಮುಖ್ಯ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ, ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕಡೆಗೆ ಹರಿಸಲು ಶುರುಮಾಡಿದ್ದು 2018ರಲ್ಲಿ. ಮೊದಲು ತುಂಬಿದ್ದು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆ. ಮೊದಲ ಹಂತದ ಪಟ್ಟಿಯಲ್ಲೇ 126 ಕೆರೆಗಳಿದ್ದವು. ನಿಮ್ಮ ಜಿಲ್ಲೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಅದೇ ರೀತಿ ಬರುತ್ತಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಯನ್ನು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ವರ್ಷಗಟ್ಟಲೆ ಬಿರುಕು ಬಿಟ್ಟು ಸೀಮೆಜಾಲಿ ಬೆಳೆದಿದ್ದ ಅಂಗಳಗಳಲ್ಲಿ ನೀರು ನಿಂತಿತು, ಬೋರ್‌ವೆಲ್‌ಗಳು ಚೇತರಿಸಿಕೊಂಡವು. ರೈತರಿಗೆ ಇದು ಸಣ್ಣ ಮಾತಲ್ಲ. ನೀರಿನ ಗುಣಮಟ್ಟದ ಬಗ್ಗೆ ಇರುವ ತಕರಾರೂ ಸಣ್ಣದಲ್ಲ. ಆದರೆ ನೀವು ಕೇಳಿದ್ದು ಹಕ್ಕಿಯ ಬಗ್ಗೆ.

ಹಕ್ಕಿಗೆ ಕೆರೆ ಎಂದರೆ ಬರೀ ನೀರಲ್ಲ, ನೀರಿನ ಆಳ. ಮಳೆಯನ್ನೇ ನಂಬಿದ ನಮ್ಮ ಕೆರೆ ಅಕ್ಟೋಬರ್ ಹೊತ್ತಿಗೆ ತುಂಬಿ, ತೂಬಿನಿಂದ ಅಚ್ಚುಕಟ್ಟಿಗೆ ಹರಿದು, ಬಿಸಿಲಿಗೆ ಆರಿ, ಡಿಸೆಂಬರ್ ಕಳೆಯುತ್ತಿದ್ದಂತೆ ಹಿಂದೆ ಸರಿಯುತ್ತದೆ. ಏರಿಯ ಎದುರು ದಿಕ್ಕಿನಲ್ಲಿ, ಹಳ್ಳ ಬಂದು ಸೇರುವ ಕಡೆ, ಬೆರಳುದ್ದ ನೀರು, ಅದರಾಚೆ ಹಸಿ ಕೆಸರು, ಅದರಾಚೆ ಗರಿಕೆ ಹುಲ್ಲು ಹೀಗೆ ಪಟ್ಟಿ ಪಟ್ಟಿಯಾಗಿ ಜಾಗ ತೆರೆದುಕೊಳ್ಳುತ್ತದೆ. ಉತ್ತರದಿಂದ ಬರುವ ಗೊರವ, ಗದ್ದೆಗೊರವ, ಪ್ಲವರ್‌ಗಳಂಥ ಕೆಸರುಹಕ್ಕಿಗಳಿಗೆ ಬೇಕಾಗಿರುವುದು ಈ ಪಟ್ಟಿ. ಮೆಟ್ಟುಗಾಲು ಹಕ್ಕಿಯ ಗುಲಾಬಿ ಕಾಲು ಗೇಣುದ್ದವಿರುವುದರಿಂದ ಅದು ಸ್ವಲ್ಪ ಒಳಗೆ ಹೋಗಿ ನಿಲ್ಲಬಲ್ಲದು. ಗದ್ದೆಗೊರವ ನೀರಂಚಿನಲ್ಲೇ ಸುತ್ತುತ್ತದೆ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದಾದ ಲಿಟಲ್ ರಿಂಗ್ಡ್ ಪ್ಲವರ್ ನೀರಿಗೆ ಇಳಿಯುವುದೇ ಕಡಿಮೆ. ಇದನ್ನು ಮಗನಿಗೆ ತೋರಿಸಿ: ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ, ಒಂದು ಕಾಲನ್ನು ಮುಂದಿಟ್ಟು ಕೆಸರಿನ ಮೇಲೆ ಪಟಪಟ ನಡುಗಿಸುತ್ತದೆ. ಅದಿರಿದ ಕೆಸರಿನಿಂದ ಹುಳ ಮೇಲೆದ್ದರೆ ಒಂದೇ ಕುಕ್ಕು, ಮತ್ತೆ ಓಟ. ಕಣ್ಣ ಸುತ್ತ ತೆಳ್ಳನೆಯ ಹಳದಿ ಉಂಗುರ ಕಾಣುವಷ್ಟು ಹತ್ತಿರ ಸಿಕ್ಕಿದರೆ ಹುಡುಗ ಅದನ್ನು ಯಾವತ್ತೂ ಮರೆಯಲಾರ.

ವರ್ಷವಿಡೀ ಪೈಪಿನ ನೀರು ಬರುವ ಕೆರೆಯಲ್ಲಿ ಈ ಪಟ್ಟಿ ಮುಳುಗಿಹೋಗುತ್ತದೆ. ಅದರ ಜೊತೆಗೆ ಹೂಳೆತ್ತುವಾಗ ಜೆಸಿಬಿ ಇಳಿಸಿ ಅಂಚನ್ನು ಗೋಡೆಯ ಹಾಗೆ ಕಡಿದಿದ್ದರೆ ಇಳಿಜಾರೇ ಉಳಿಯುವುದಿಲ್ಲ. ದಡದಿಂದ ಒಂದು ಹೆಜ್ಜೆ ಇಟ್ಟರೆ ಆಳೆತ್ತರ ನೀರು. ಅಲ್ಲಿ ಕೆಸರುಹಕ್ಕಿಗೆ ಕಾಲೂರಲು ಜಾಗವಿಲ್ಲ. ನಿಮ್ಮ ಸ್ನೇಹಿತರು ಕಂಡದ್ದು ಇದನ್ನೇ. ಆದರೆ ಅದೇ ಕೆರೆಯಲ್ಲಿ ನೀರುಕಾಗೆ, ಹೆಜ್ಜಾರ್ಲೆ, ನಾಮದ ಕೋಳಿ, ಗುಳುಮುಳುಕಗಳಿಗೆ ಸುಗ್ಗಿ. ಜಲಕಳೆ ಹಬ್ಬಿದ ಕಡೆ ಅದರ ಎಲೆಗಳ ಮೇಲೆಯೇ ದೇವನಕ್ಕಿ ನಡೆದಾಡುತ್ತದೆ, ಆಪಿನ ಸಂದಿಯಲ್ಲಿ ಜಂಬುಕೋಳಿ ಓಡಾಡುತ್ತದೆ. ಹಕ್ಕಿ ಇಲ್ಲವಾಗಿಲ್ಲ, ಹಕ್ಕಿಗಳ ಜಾತಿ ಬದಲಾಗಿದೆ. ಬಂದುಹೋಗುವ ಅತಿಥಿಗಳ ಜಾಗದಲ್ಲಿ ವರ್ಷವಿಡೀ ಇಲ್ಲೇ ಇರುವವು ಹೆಚ್ಚಿವೆ. ಇದು ನನಗೆ ನೋವಿನ ವಿಷಯ. ಕೆರೆಗೆ ನೀರು ತುಂಬಿಸುವವರು ಹಿಂಬದಿಯ ಅಂಚನ್ನಾದರೂ ಅಗೆಯದೆ ಇಳಿಜಾರಾಗಿ ಬಿಟ್ಟರೆ ಎರಡೂ ಬಗೆಯವು ಬದುಕುತ್ತವೆ. ಅದಕ್ಕೆ ಹೆಚ್ಚುವರಿ ಖರ್ಚೂ ಇಲ್ಲ.

ಮಳೆಯೂ ಇದೇ ಲೆಕ್ಕವನ್ನು ಏರುಪೇರು ಮಾಡುತ್ತದೆ. 2021ರ ನವೆಂಬರಿನಲ್ಲಿ ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಹರಿದಾಗ ಜನ ಹೂವು ಬಾಗಿನ ಅರ್ಪಿಸಿದರು, ಆ ಚಳಿಗಾಲ ಕೆಸರುಹಕ್ಕಿ ಹುಡುಕಿದವರು ಮಾತ್ರ ಹೊಲದ ಕುಂಟೆಗಳನ್ನು ಸುತ್ತಬೇಕಾಯಿತು. 2023ರ ಬರದಲ್ಲಿ ಇದ್ದಷ್ಟು ನೀರು ಬೇಗ ತಗ್ಗಿತು. ಆದ್ದರಿಂದ ಗೈಡ್ ಅವರನ್ನು ‘ಯಾವ ಹಕ್ಕಿ ತೋರಿಸ್ತೀರಿ’ ಎಂದು ಕೇಳುವ ಬದಲು ‘ಈ ವಾರ ಆ ಕೆರೆಯಲ್ಲಿ ನೀರು ಎಲ್ಲಿಯವರೆಗೆ ಇದೆ’ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಅವರು ಈ ಋತುವಿನಲ್ಲಿ ಕೆರೆಯ ಕಡೆ ಹೋಗಿಲ್ಲ ಎಂದರ್ಥ. ಕೆರೆಯ ದಿನವನ್ನು ಜನವರಿ ನಡುವಿಗೆ ಹಾಕಿ ಎಂದೆನಲ್ಲ, ಕಾರಣ ಇದೇ. ಏಷ್ಯಾ ಜಲಪಕ್ಷಿ ಗಣತಿಯೂ 1987ರಿಂದ ಜನವರಿಯಲ್ಲೇ ನಡೆಯುತ್ತಿದೆ. ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತುಗಳಂಥವು ಅಷ್ಟು ಹೊತ್ತಿಗೆ ಬಂದು ನೆಲೆ ನಿಂತಿರುತ್ತವೆ.

ಮಗನ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಎಲ್ಲವೂ ಸೈಬೀರಿಯಾದವಲ್ಲ. ನಂದಿಬೆಟ್ಟದಲ್ಲಿ ಚಳಿಗಾಲ ಕಳೆಯುವ ನೀಲಿತಲೆಯ ಬಂಡೆ ಸಿಳ್ಳಾರ ಮರಿ ಮಾಡುವುದು ಹಿಮಾಲಯದಲ್ಲಿ. ಪುಟ್ಟ ಹಸಿರು ಉಲಿಯಕ್ಕಿ ಹಿಮಾಲಯ ಮತ್ತು ಮಧ್ಯ ಏಷ್ಯಾದ ಕಡೆಯೂ ಮರಿ ಮಾಡುತ್ತದೆ. ನಮ್ಮ ಜೋಳದ ಹೊಲ, ಆಲದ ಮರಗಳಿಗೆ ಗುಂಪುಗುಂಪಾಗಿ ಬಂದು ಇಳಿಯುವ ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯಾದ ಹುಲ್ಲುಗಾವಲಿನದು. ಇನ್ನು ನಮ್ಮ ಕಡೆಯ ಬಣ್ಣದ ಕೊಕ್ಕರೆ ವಿದೇಶದಿಂದ ಬರುವುದೇ ಅಲ್ಲ. ಅದು ನಮ್ಮ ದೇಶದೊಳಗೇ ನೀರು, ಮೀನು ನೋಡಿಕೊಂಡು ಊರೂರು ತಿರುಗುವ ಹಕ್ಕಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಮನೆಗಳ ನಡುವಿನ ಹುಣಸೆಮರಗಳ ಮೇಲೇ ಗೂಡು ಕಟ್ಟುತ್ತದೆ.

ಚಳಿಗೆ ಹೆದರಿ ಬರುತ್ತವೆ ಎನ್ನುವುದೂ ಪೂರ್ತಿ ಸರಿಯಲ್ಲ. ಗರಿಯ ಹೊದಿಕೆ ಇರುವ ಹಕ್ಕಿ ಚಳಿಯನ್ನು ಸಾಕಷ್ಟು ತಡೆಯಬಲ್ಲದು. ಅದು ತಡೆಯಲಾರದ್ದು ಹಸಿವನ್ನು. ಅಲ್ಲಿ ನೀರು ಹೆಪ್ಪುಗಟ್ಟುತ್ತದೆ, ನೆಲ ಗಟ್ಟಿಯಾಗುತ್ತದೆ, ಹುಳುಹುಪ್ಪಟೆ ಕಾಣೆಯಾಗುತ್ತವೆ. ಅದಾಗುವವರೆಗೆ ಅವು ಕಾಯುವುದೂ ಇಲ್ಲ. ಹಗಲು ಚಿಕ್ಕದಾಗುವುದನ್ನು ಮೈ ಗ್ರಹಿಸಿ, ಕೊಬ್ಬು ಕೂಡಿಸಿಕೊಂಡು ಮೊದಲೇ ಹೊರಡುತ್ತವೆ. ಅದಕ್ಕೇ ಬೂದು ಸಿಪಿಲೆ, ಗದ್ದೆಗೊರವಗಳಂಥ ಕೆಲವು ನಮ್ಮಲ್ಲಿ ಇನ್ನೂ ಮಳೆಗಾಲವಿರುವಾಗಲೇ ಬಂದಿಳಿಯುತ್ತವೆ. ಉಲಿಯಕ್ಕಿಯ ತೂಕ 8 ಗ್ರಾಂ ಆಸುಪಾಸು. ಆ ಮೈಯನ್ನು ಹೊತ್ತು ಅದು ನಿಮ್ಮ ಶಾಲೆಯ ಬೇವಿನಮರಕ್ಕೆ ಬಂದಿರುತ್ತದೆ.

ಈಗ ಸ್ಪೀಕರ್ ವಿಚಾರ. ಇದರಲ್ಲಿ ನನಗೆ ರಾಜಿ ಇಲ್ಲ. ಪಟ್ಟಿಯಲ್ಲಿ ಹಳದಿಕತ್ತಿನ ಪಿಕಳಾರ ಇದ್ದೇ ಇರುತ್ತದೆ. ದಕ್ಷಿಣ ಭಾರತದ ಕುರುಚಲು ಬಂಡೆಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ತಲೆ, ಕತ್ತು ಅರಿಶಿನದ ಬಣ್ಣ, ಜುಟ್ಟಿಲ್ಲ, ಹೊಟ್ಟೆ ಬೂದು. ಅಳಿವಿನ ಅಂಚಿಗೆ ಸರಿಯಬಹುದಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ನಂದಿ, ದೇವರಾಯನದುರ್ಗದಂಥ ಬೆಟ್ಟಗಳು ಅದರ ಮನೆ. ನಾಚಿಕೆ ಸ್ವಭಾವದ್ದಾದ್ದರಿಂದ ಎಲ್ಲರೂ ಕೂಗು ಹಾಕಿಯೇ ಕರೆಯಲು ನೋಡುತ್ತಾರೆ. ಸ್ಪೀಕರಿನ ಕೂಗು ಕೇಳಿದ ಹಕ್ಕಿಗೆ ಅದು ತನ್ನ ಜಾಗಕ್ಕೆ ನುಗ್ಗಿದ ಎದುರಾಳಿ. ಮೇಯುವುದನ್ನು ಬಿಟ್ಟು ಹುಡುಕುತ್ತಾ ಬಯಲಿಗೆ ಬರುತ್ತದೆ. ಎದುರಾಳಿ ಕಾಣುವುದಿಲ್ಲ, ಕೂಗು ನಿಲ್ಲುವುದಿಲ್ಲ. ಒಂದು ಗುಂಪು ಹೋದಮೇಲೆ ಇನ್ನೊಂದು ಗುಂಪು ಅದೇ ಬಂಡೆಯ ಹತ್ತಿರ ನಿಂತು ಅದನ್ನೇ ಹಾಕುತ್ತದೆ. ವಾರಾಂತ್ಯದಲ್ಲಿ ನಂದಿಗೆ ಬರುವ ಜನಸಂಖ್ಯೆ ನಿಮಗೆ ಗೊತ್ತೇ ಇದೆ. ಗೂಡು ಕಟ್ಟುವ ತಿಂಗಳುಗಳಲ್ಲಿ ಹೀಗಾದರೆ ಮೊಟ್ಟೆ ತಣ್ಣಗಾಗುತ್ತದೆ, ಬಯಲಿಗೆ ಬಂದ ತಾಯಿಯನ್ನು ಬಿಜ್ಜು ಎಂಬ ಸಣ್ಣ ಗಿಡುಗ ಎತ್ತಿಕೊಂಡು ಹೋಗಬಹುದು. ಅದೇ ಹಕ್ಕಿಯನ್ನು ಸ್ಪೀಕರ್ ಇಲ್ಲದೆ ನೋಡುವ ದಾರಿ ಇದೆ. ಬೆಟ್ಟದ ಕೆಳಗಿನ ಕುರುಚಲಿನಲ್ಲಿ, ಹಣ್ಣು ಬಿಟ್ಟ ಗಿಡದ ಎದುರು ಅಥವಾ ಬಂಡೆಯ ಗುಳಿಯಲ್ಲಿ ನೀರು ನಿಂತ ಕಡೆ, ಬಿಸಿಲೇರುವ ಮುಂಚೆ ಮಾತಾಡದೆ ಕೂರುವುದು. ಕಾಣದೆಯೂ ಹೋಗಬಹುದು. ಆ ಮಾತನ್ನು ಮಗನಿಗೆ ಮೊದಲೇ ಹೇಳಿಡಿ.

ಗೂಡಿನ ಹತ್ತಿರ ಕರೆದೊಯ್ದು ಫೋಟೊ ತೆಗೆಸುತ್ತೇನೆ ಎನ್ನುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಹಾಗೆಯೇ ಮೀಸಲು ಅರಣ್ಯದ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ‘ಗಾರ್ಡ್ ನಮ್ಮೋರೇ’ ಎಂಬ ಮಾತು ಅನುಮತಿಯಲ್ಲ. ಸಿಕ್ಕಿಬಿದ್ದರೆ ನಿಮ್ಮ ಮೇಲೂ ಕೇಸು.

ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ. 2020ರ ಕೊನೆಯಲ್ಲಿ ಹಿಮಾಚಲದ ಪಾಂಗ್ ಜಲಾಶಯದಲ್ಲಿ ಸಾವಿರಾರು ವಲಸೆ ಹಕ್ಕಿಗಳು, ಹೆಚ್ಚಾಗಿ ಪಟ್ಟೆತಲೆ ಹೆಬ್ಬಾತುಗಳು, ಹಕ್ಕಿಜ್ವರದಿಂದ ಸತ್ತವು. 2025ರ ಆರಂಭದಲ್ಲಿ ನಿಮ್ಮದೇ ಜಿಲ್ಲೆಯ ವರದಹಳ್ಳಿಯಲ್ಲಿ ಕೋಳಿಗಳಲ್ಲಿ ಅದು ಪತ್ತೆಯಾಯಿತು. ಆದರೆ ದೂರದಿಂದ ದುರ್ಬೀನಿನಲ್ಲಿ ನೋಡುವುದರಿಂದ ರೋಗ ಬರುವುದಿಲ್ಲ. ಮನುಷ್ಯರಿಗೆ ತಗುಲಿದ ಪ್ರಕರಣಗಳು ಹೆಚ್ಚಾಗಿ ರೋಗ ಬಂದ ಅಥವಾ ಸತ್ತ ಕೋಳಿ, ಹಕ್ಕಿಗಳನ್ನು ಹತ್ತಿರದಿಂದ ಮುಟ್ಟಿದವರಲ್ಲಿ. ನಿಮ್ಮ ಮನೆಯ ಮಟ್ಟಿಗೆ ರೋಗ ಬರಬಹುದಾದ ನಿಜವಾದ ದಾರಿ ಚಪ್ಪಲಿ. ಬಾತುಗಳ ಹಿಕ್ಕೆ ಬಿದ್ದ ಕೆಸರು ಬೂಟಿಗೆ ಅಂಟಿಕೊಂಡು ಬಂದು ಕೋಳಿಗೂಡಿನ ಮುಂದೆ ಉದುರಿದರೆ, ಕೋಳಿ ಅದನ್ನು ಕೆದಕುತ್ತದೆ. ಕೆರೆಗೆ ಹಾಕಿಕೊಂಡು ಹೋದ ಬೂಟನ್ನು ಕೆರೆಯ ಬಳಿಯೇ ಉಜ್ಜಿ ತೊಳೆಯಿರಿ, ಮನೆಗೆ ಬಂದು ಸೋಪಿನ ನೀರಿನಲ್ಲಿ ಇನ್ನೊಮ್ಮೆ ತೊಳೆದು ಬಿಸಿಲಿಗಿಡಿ, ಅದನ್ನು ಹಾಕಿಕೊಂಡು ಗೂಡಿನ ಕಡೆ ಹೋಗಬೇಡಿ. ಸತ್ತ ಹಕ್ಕಿ ಕಂಡರೆ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಿ. ನಿಮ್ಮ ತಾಲ್ಲೂಕಿನಲ್ಲಿ ರೋಗ ಘೋಷಣೆಯಾಗಿದ್ದರೆ ಆ ತಿಂಗಳು ಕೆರೆಯ ಕಡೆ ಹೋಗುವುದೇ ಬೇಡ.

ಬೆಟ್ಟದಲ್ಲಿ ನಾನು ಇದಕ್ಕಿಂತ ಹೆಚ್ಚು ಎಚ್ಚರ ವಹಿಸುವುದು ಹೆಜ್ಜೇನಿನ ಬಗ್ಗೆ. ಕಡಿದಾದ ಬಂಡೆಗಳಲ್ಲಿ ತಟ್ಟಿ ಕಟ್ಟಿರುತ್ತವೆ. ಅತ್ತರು, ಸೆಂಟು ಬೇಡ, ಹೊಗೆ ಬೇಡ, ಕಿರುಚಾಟ ಬೇಡ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಇದ್ದ ಹಾಗೇ ಹೋಗುವುದು ಒಂದು. ಮುಂಗಡ ಉಳಿಯುತ್ತದೆ, ಆದರೆ ಓಟ, ಸ್ಪೀಕರ್, ನೀರು ತುಂಬಿದ ಕೆರೆ. ಅತ್ತೆಯವರು ವಾಹನದಲ್ಲೇ ಕೂರಬೇಕಾದೀತು. ಎರಡನೆಯದು ಗೈಡ್ ಅವರೊಡನೆ ಮಾತಾಡಿ ಪ್ರವಾಸವನ್ನು ಒಡೆಯುವುದು. ನಂದಿಯನ್ನು ಡಿಸೆಂಬರಿನಲ್ಲೇ, ವಾರದ ನಡುವಿನ ದಿನ ಇಟ್ಟುಕೊಳ್ಳಿ. ಮಂಜು ಕವಿದಿರುವಾಗ ಹಕ್ಕಿ ಕಾಣುವುದಿಲ್ಲ. ಮಂಜು ಕರಗಿ ಮೊದಲ ಬಿಸಿಲು ಮರದ ತುದಿಗೆ ಬೀಳುವ ಹೊತ್ತೇ ನೊಣಹಿಡುಕ, ಉಲಿಯಕ್ಕಿಗಳು ಕೆಳಗಿಳಿದು ಮೇಯುವ ಹೊತ್ತು. ಮೇಲಿನವರೆಗೆ ವಾಹನ ಹೋಗುವುದರಿಂದ ಅತ್ತೆಯವರಿಗೂ ಕಷ್ಟವಿಲ್ಲ. ಗೇಟಿನ ಸಮಯ, ವಾಹನದ ನಿಯಮ ಆಗಾಗ ಬದಲಾಗುತ್ತವೆ, ಹಿಂದಿನ ದಿನ ವಿಚಾರಿಸಿ. ಕೆರೆಯನ್ನು ಜನವರಿಗೆ ಹಾಕಿ. ಬೆಳಗ್ಗೆ ಸೂರ್ಯ ಬೆನ್ನಿಗಿರುವಂತೆ ಪೂರ್ವದ ದಡದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಎಲ್ಲವೂ ಕಪ್ಪಗೆ ಕಾಣುತ್ತವೆ. ಏರಿಯ ಮೇಲೆ ಸಮತಟ್ಟಾದ ದಾರಿ, ಮಡಚುವ ಕುರ್ಚಿಯೊಂದಿದ್ದರೆ ಅತ್ತೆಯವರು ಎಲ್ಲರಿಗಿಂತ ಹೆಚ್ಚು ನೋಡುತ್ತಾರೆ. ಈ ದಾರಿಯ ತೊಂದರೆ ಎಂದರೆ ಗೈಡ್ ಒಪ್ಪದಿರಬಹುದು, ಜನವರಿಗೆ ಮಳೆಯ ಲೆಕ್ಕ ಹೇಗಿರುತ್ತದೋ ತಿಳಿಯದು.

ಮೂರನೆಯದು, ಪ್ರವಾಸವನ್ನೇ ಬಿಟ್ಟು ನಿಮ್ಮೂರಿನ ಕೆರೆಯಿಂದ ಶುರುಮಾಡುವುದು. ನಾಲ್ಕಾರು ಭಾನುವಾರ ಒಂದೇ ಕೆರೆ, ಒಂದೇ ಹೊತ್ತು, ಒಂದು ನೋಟ್‌ಬುಕ್. ಕೆರೆಯ ಮೀನು ಗುತ್ತಿಗೆಯವರನ್ನು ಮಾತಾಡಿಸಿ, ಯಾವ ಹಕ್ಕಿ ಯಾವ ಮೂಲೆಯಲ್ಲಿ ಮಲಗುತ್ತದೆ ಎನ್ನುವುದೂ ಅವರಿಗೆ ಗೊತ್ತಿರುತ್ತದೆ. ಆಮೇಲೆ ಅರ್ಧ ದಿನದ ಮಟ್ಟಿಗೆ ಗೈಡ್ ಹಿಡಿದರೆ ಹುಡುಗನೇ ಪ್ರಶ್ನೆ ಕೇಳುತ್ತಾನೆ, ಕೊಟ್ಟ ದುಡ್ಡಿನ ಪೂರ್ತಿ ಬೆಲೆ ಸಿಗುತ್ತದೆ. ಅಪಾಯ ಒಂದೇ: ಹೇಳಿಕೊಡುವವರಿಲ್ಲದೆ ಮೊದಲ ವಾರಗಳಲ್ಲಿ ಬೇಸರವಾಗಬಹುದು. ಹಕ್ಕಿ ಗುರುತಿಸುವ ಮರ್ಲಿನ್ ಎಂಬ ಉಚಿತ ಆ್ಯಪ್ ಆಗ ನೆರವಾಗುತ್ತದೆ, ಆದರೆ ಅದು ಹೇಳಿದ್ದೆಲ್ಲ ಸರಿಯಿರುವುದಿಲ್ಲ, ಕಣ್ಣಾರೆ ಕಂಡಮೇಲೇ ಬರೆದುಕೊಳ್ಳಲಿ. ನನ್ನನ್ನು ಕೇಳಿದರೆ ನಾನು ಎರಡು ಮತ್ತು ಮೂರನ್ನು ಸೇರಿಸುತ್ತೇನೆ: ಡಿಸೆಂಬರಿನಲ್ಲಿ ನಂದಿ, ಅಲ್ಲಿಂದ ಜನವರಿಯವರೆಗೆ ನಿಮ್ಮೂರ ಕೆರೆ, ಆಮೇಲೆ ಕೋಲಾರ.

ದೊಡ್ಡ ಕ್ಯಾಮೆರಾ ಈಗ ಬೇಡವೇ ಬೇಡ. ಪರದೆ ನೋಡುವುದರಲ್ಲೇ ಹಕ್ಕಿ ಹಾರಿಹೋಗಿರುತ್ತದೆ. 8 ಪಟ್ಟು ದೊಡ್ಡದು ಮಾಡುವ ದುರ್ಬೀನು ಕೊಳ್ಳಿ. 8×42 ಎಂದು ಬರೆದಿರುವುದು ದೊಡ್ಡವರಿಗೆ, ಹಗುರವಾದ 8×32 ಹುಡುಗನ ಕೈಗೆ. ಹೆಚ್ಚು ಪಟ್ಟಿನದು ಕೊಂಡರೆ ಕೈ ನಡುಗಿ ಏನೂ ಕಾಣುವುದಿಲ್ಲ.

ಗೈಡ್ ಅವರಿಗೆ ಫೋನ್ ಮಾಡುವಾಗ ಜಗಳದ ದನಿ ಬೇಡ. ‘ಗುಂಪಿನಲ್ಲಿ ಎಂಟಕ್ಕಿಂತ ಹೆಚ್ಚು ಜನ ಬೇಡ, ಸ್ಪೀಕರ್ ಬೇಡ, ಗೂಡಿನ ಹತ್ತಿರ ಬೇಡ, ಪಟ್ಟಿ ತುಂಬದಿದ್ದರೂ ನಮ್ಮ ತಕರಾರಿಲ್ಲ’ ಎಂದು ಹೇಳಿ. ಎಷ್ಟೋ ಗೈಡುಗಳು ಗಿರಾಕಿಗಳ ಒತ್ತಾಯಕ್ಕೇ ಸ್ಪೀಕರ್ ಹಿಡಿದವರು. ಬೇಡ ಎನ್ನುವ ಗಿರಾಕಿ ಸಿಕ್ಕರೆ ಅವರಿಗೂ ನೆಮ್ಮದಿ. ಒಪ್ಪಿದರೆ ಮುಂಗಡವನ್ನು ಹೊಸ ತಾರೀಖುಗಳಿಗೆ ಹೊಂದಿಸಿಕೊಳ್ಳಲು ಕೇಳಿ, ಅದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಮುಂಗಡ ಹೋದರೂ ಹೋಗಲಿ, ಬೇರೆಯವರನ್ನು ನೋಡಿ.